ಕಪ್ಪಾ, ತಕ್ಕಡಿಯಾ, ಮನೆ ಲೋಟವಾ: ಕೇಕ್ ಮಾಡುವವರಿಗೆ ಅಳತೆ ಲೆಕ್ಕ

ಕೇಕ್ ಮಾಡೋಕೆ ಶುರು ಮಾಡಿದವರು ಮೊದಲು ಎಂತ ತಗೊಳ್ಬೇಕು, ಕಪ್ ಸೆಟ್ಟಾ, ಡಿಜಿಟಲ್ ತಕ್ಕಡಿಯಾ, ಇಲ್ಲಾ ಮನೇಲಿರೋ ಲೋಟದಲ್ಲೇ ಸುಧಾರಿಸ್ಬಹುದಾ ಅಂತ ನಮ್ಮ ಕಡೆ ತುಂಬ ಜನ ಕೇಳ್ತಾರೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಈಗ ಮನೇಲೇ ಕೇಕು, ಕುಕ್ಕೀಸು, ಪಾವ್ ಮಾಡುವವರು ಬೇಕಾದಷ್ಟು ಇದ್ದಾರೆ, ಕೆಲವರು ಕುಕ್ಕರಲ್ಲಿ ಉಪ್ಪು ಹಾಕಿ ಮಾಡ್ತಾರೆ, ಕೆಲವರು ಓಟಿಜಿ ಅಂದ್ರೆ ಸಣ್ಣ ಕರೆಂಟ್ ಓವನ್ ತಗೊಂಡಿದಾರೆ, ಆದ್ರೆ ತೊಂದ್ರೆ ಎಲ್ಲರದ್ದೂ ಒಂದೇ: ರೆಸಿಪಿ ಕಪ್ಪಲ್ಲಿದೆ, ಕೈಯಲ್ಲಿ ತಕ್ಕಡಿ ಇದೆ, ಅಥವಾ ರೆಸಿಪಿ ಗ್ರಾಮಲ್ಲಿದೆ, ಮನೇಲಿ ಇರೋದು ಸ್ಟೀಲ್ ಲೋಟ ಮಾತ್ರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೆ. ದುಡ್ಡು ಒಂದಕ್ಕೇ ಇದ್ರೆ ತಕ್ಕಡಿ ತಗೊಳ್ಳಿ. ಮೈದಾ, ಕೋಕೋ, ಬೆಲ್ಲದ ಪುಡಿ, ತೆಂಗಿನ ತುರಿ, ಬೆಣ್ಣೆ ಇವನ್ನೆಲ್ಲ ತೂಕ ಮಾಡಿ. ನೀರು, ಹಾಲು, ಎಣ್ಣೆ ಯಾವುದ್ರಲ್ಲಿ ಅಳೆದ್ರೂ ಅಡ್ಡಿಲ್ಲ. ಸೋಡಾ, ಬೇಕಿಂಗ್ ಪೌಡರ್, ಉಪ್ಪು, ಎಸೆನ್ಸ್ ಇವು ಚಮಚದಲ್ಲೇ ಇರ್ಲಿ. ಹಾಗಂತ ಲೋಟ ಬಿಸಾಡಿ ಅಂತ ನಾನು ಹೇಳೋದಿಲ್ಲ, ಲೋಟಕ್ಕೆ ಅದರದ್ದೇ ಜಾಗ ಇದೆ, ಅದೂ ಹೇಳ್ತೆ.

ಮೊದಲು ಕಪ್ ಅಂದ್ರೆ ಎಷ್ಟು ಅನ್ನೋದು. ಅಮೆರಿಕದ ಕಪ್ ಸರಿಯಾಗಿ ಹೇಳೋದಾದ್ರೆ 236.6 ಎಂಎಲ್, ಅವರದ್ದೇ ಪ್ಯಾಕೆಟ್ ಮೇಲಿನ ಪೌಷ್ಟಿಕಾಂಶದ ಲೆಕ್ಕದಲ್ಲಿ 240. ಆಸ್ಟ್ರೇಲಿಯಾದಲ್ಲಿ 250. ಜಪಾನಲ್ಲಿ 200. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೆಟ್ಟುಗಳು ಕೆಲವು 240, ಕೆಲವು 250, ಹಿಡಿಕೆ ಮೇಲೆ ಬರೆದಿರ್ತದೆ, ತಗೊಳ್ಳುವಾಗ ಓದಿ. ಇನ್ನು ರೈಸ್ ಕುಕ್ಕರ್ ಜೊತೆ ಬರ್ತದಲ್ಲ, ಅದು ಕಪ್ಪೇ ಅಲ್ಲ, ಅದು 180 ಎಂಎಲ್, ಅದರಲ್ಲಿ ಅಳೆದ್ರೆ ರೆಸಿಪಿಯ ಮುಕ್ಕಾಲು ಪಾಲು ಮಾತ್ರ ಬೀಳ್ತದೆ. ದೊಡ್ಡ ಚಮಚದ್ದೂ ಹೀಗೇ, ಎಲ್ಲಾ ಕಡೆ 15 ಎಂಎಲ್, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಸಣ್ಣ ಚಮಚ ಎಲ್ಲ ಕಡೆ 5 ಎಂಎಲ್. ಹಾಗಾಗಿ ರೆಸಿಪಿ ಯಾವ ದೇಶದವರದ್ದು ಅಂತ ಒಂಚೂರು ನೋಡಿಕೊಂಡ್ರೆ ಅರ್ಧ ಗೊಂದಲ ಅಲ್ಲೇ ಮುಗೀತದೆ.

ನಿಮ್ಮ ಕಪ್ ಅಥವಾ ಲೋಟ ಎಷ್ಟು ಹಿಡೀತದೆ ಅಂತ ನೋಡೋದು ಬಹಳ ಸುಲಭ. ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಒಡೆದು ಲೋಟಕ್ಕೆ ಕಂಠದವರೆಗೆ ಹೊಯ್ದು ಎಣಿಸಿ. ಸರಿಯಾಗಿ ಎರಡು ತುಂಬಿದ್ರೆ 250, ಎರಡು ತುಂಬಿ ಚೂರು ಉಳಿದ್ರೆ 240. ನಮ್ಮ ಪಕ್ಕದ ಮನೆ ಅಕ್ಕೋರು ಶಾಲೆ ಮಕ್ಕಳ ಹುಟ್ಟಿದಹಬ್ಬಕ್ಕೆ ಕೇಕ್ ಮಾಡ್ತಾರೆ, ಅವರು "ನಂದು ಎಂತ ಕಪ್ಪೂ ಇಲ್ಲ ಮಾರಾಯ್ತಿ, ಇದೇ ಚಾ ಲೋಟ" ಅಂದ್ರು. "ಅಕ್ಕೋರೇ, ಹಾಲು ಹೊಯ್ದು ನೋಡ್ವಾ" ಅಂತ ನೋಡಿದ್ರೆ ಅರ್ಧ ಲೀಟರಿಗೆ ಎರಡೂವರೆ ಲೋಟ, ಅಂದ್ರೆ ಅವರ ಲೋಟ 200 ಎಂಎಲ್. ಆಮೇಲೆ ಲೆಕ್ಕ ಸುಲಭ ಆಯ್ತು, 240ರ ಒಂದು ಕಪ್ ಅಂದ್ರೆ ಅವರ ಒಂದು ಲೋಟ ಮತ್ತೆ ಲೋಟದ ಐದನೇ ಒಂದು ಪಾಲು. ಲೋಟದ ತಳಕ್ಕೆ ಮಾರ್ಕರಲ್ಲಿ 200 ಅಂತ ಬರೆದಿಟ್ಟುಕೊಂಡಿದಾರೆ. ಹೀಗೆ ಒಂದು ಸಲ ಬರೆದಿಟ್ರೆ ಮತ್ತೆ ನೆನಪಿಡೋ ತಾಪತ್ರಯ ಇಲ್ಲ.

ಈಗ ಮೈದಾಕ್ಕೆ ಬರ್ತೆ, ಯಾಕಂದ್ರೆ ಕಪ್ಪಿನ ಎಲ್ಲಾ ತಕರಾರು ಇರೋದು ಇಲ್ಲೇ. ನೀರನ್ನ ಒತ್ತಿ ತುಂಬೋಕಾಗೋದಿಲ್ಲ, ಮೈದಾನ ಆಗ್ತದೆ. ಹಿಟ್ಟಿನ ಕಣಗಳ ನಡುವೆ ಗಾಳಿ ಇರ್ತದೆ, ಎಷ್ಟು ಗಾಳಿ ಅನ್ನೋದು ನೀವು ಹೇಗೆ ತುಂಬಿದ್ರಿ ಅನ್ನೋದರ ಮೇಲೆ. ಅದೇ 240 ಎಂಎಲ್ ಕಪ್, ಅದೇ ಮೈದಾ: ಜರಡಿ ಹಿಡಿದು ಮೆಲ್ಲಗೆ ಬೀಳಿಸಿದ್ರೆ 110-115 ಗ್ರಾಂ, ಚಮಚದಲ್ಲಿ ತೆಗೆದು ತೆಗೆದು ಹಾಕಿ ಚಾಕುವಿನ ಬೆನ್ನಲ್ಲಿ ಸಮ ಮಾಡಿದ್ರೆ 120-125, ಕಪ್ಪನ್ನೇ ಡಬ್ಬಕ್ಕೆ ತುರುಕಿ ಎತ್ತಿದ್ರೆ 140-150, ಅದನ್ನ ಕಟ್ಟೆಗೆ ಕುಟ್ಟಿ ಕೂರಿಸಿ ಮತ್ತೆ ತುಂಬಿದ್ರೆ ಇನ್ನೂ ಜಾಸ್ತಿ. ಒಂದು ಕುಕ್ಕೀಸ್ ರೆಸಿಪಿಯಲ್ಲಿ ಎರಡೂಕಾಲು ಕಪ್ ಮೈದಾ ಇದೆ ಅಂತ ಇಟ್ಕೊಳ್ಳಿ. ಬರೆದವರು 120ರ ಲೆಕ್ಕ ಹಿಡಿದಿದ್ರೆ ಅದು 270 ಗ್ರಾಂ. ನೀವು 250 ಎಂಎಲ್ ಕಪ್ಪನ್ನ ಡಬ್ಬಕ್ಕೆ ತುರುಕಿ ಎತ್ತಿದ್ರೆ ಹತ್ತಿರ ಹತ್ತಿರ 340 ಗ್ರಾಂ ಬೀಳ್ತದೆ. ಎಪ್ಪತ್ತು ಗ್ರಾಂ ಹೆಚ್ಚು, ಅರ್ಧ ಕಪ್ಪಿಗಿಂತ ಜಾಸ್ತಿ ಆಯ್ತು. ಕುಕ್ಕೀಸ್ ಹರಡೋದೇ ಇಲ್ಲ, ಉಂಡೆಯಾಗಿ ಕೂರ್ತದೆ, ಕೇಕಾದ್ರೆ ಒಣಗಿ ಮೇಲೆ ಬಿರುಕು ಬಿಡ್ತದೆ, ಆಮೇಲೆ ಓವನ್ ಸರಿ ಇಲ್ಲ, ಬೇಕಿಂಗ್ ಪೌಡರ್ ಹಳೇದು ಅಂತ ಏನೇನೋ ಹುಡುಕ್ತಾ ಕೂರೋದು. ತಪ್ಪು ಕಪ್ಪಲ್ಲೇ ಇರ್ತದೆ.

ಹಾಗಾಗಿ ಕಪ್ಪಲ್ಲೇ ಮಾಡ್ತೇನೆ ಅನ್ನುವವರು ಒಂದು ಪದ್ಧತಿ ಹಿಡಿದು ಅದನ್ನೇ ಬಿಡದೆ ಮಾಡಿ. ಡಬ್ಬದಲ್ಲೇ ಹಿಟ್ಟನ್ನ ಫೋರ್ಕಿನಲ್ಲಿ ಕೆದಕಿ ಹಗುರ ಮಾಡಿ, ಚಮಚದಲ್ಲಿ ತುಂಬಿ, ಕುಟ್ಟದೆ, ಸಮ ಮಾಡಿ. ಇನ್ನೊಂದು, ರೆಸಿಪಿಯಲ್ಲಿ "ಜರಡಿ ಹಿಡಿದ ಮೈದಾ 1 ಕಪ್" ಅಂತಿದ್ರೆ ಮೊದಲು ಜರಡಿ, ಆಮೇಲೆ ಅಳತೆ. "1 ಕಪ್ ಮೈದಾ, ಜರಡಿ ಹಿಡಿದದ್ದು" ಅಂತಿದ್ರೆ ಮೊದಲು ಅಳತೆ, ಆಮೇಲೆ ಜರಡಿ. ಎರಡಕ್ಕೂ ಹತ್ತು ಹದಿನೈದು ಗ್ರಾಂ ವ್ಯತ್ಯಾಸ ಬರ್ತದೆ. ತಕ್ಕಡಿ ಇದ್ದವರಿಗೆ ಈ ಯಾವ ರಗಳೆನೂ ಇಲ್ಲ, 120 ಗ್ರಾಂ ಅಂದ್ರೆ ಜರಡಿಗೆ ಮೊದಲೂ 120, ಆಮೇಲೂ 120.

ಬೇರೆ ಸಾಮಾನುಗಳ ಲೆಕ್ಕ, 240 ಎಂಎಲ್ ಕಪ್ಪಿಗೆ, ಬರೆದಿಟ್ಟುಕೊಳ್ಳಿ. ಸಕ್ಕರೆ 200 ಗ್ರಾಂ, ಅದು ಕಾಳು ಕಾಳು ಇರೋದ್ರಿಂದ ಹೇಗೆ ತುಂಬಿದ್ರೂ ಹೆಚ್ಚು ಕಡಿಮೆ ಆಗೋದು ಕಮ್ಮಿ. ಅದೇ ಸಕ್ಕರೆ ಪುಡಿ ಆದ್ರೆ 115-120 ಅಷ್ಟೇ, ಹಾಗಾಗಿ ಒಂದು ಕಪ್ ಸಕ್ಕರೆ ಬದಲಿಗೆ ಒಂದು ಕಪ್ ಸಕ್ಕರೆ ಪುಡಿ ಹಾಕಿದ್ರೆ ಸಿಹಿ ನೂರಕ್ಕೆ ನಲವತ್ತರಷ್ಟು ಕಮ್ಮಿ ಆಗ್ತದೆ. ಕೋಕೋ ಪುಡಿ 85ರಿಂದ 100, ಇದೂ ಮೈದಾದ ಹಾಗೇ ಮೋಸದ್ದು. ಅಕ್ಕಿ ಹಿಟ್ಟು 155-160. ರವೆ 165-175. ಎಣ್ಣೆ 220, ಕರಗಿಸಿದ ತುಪ್ಪ ಅದರ ಆಸುಪಾಸು. ಹಾಲು, ಮೊಸರು 245. ಬೆಣ್ಣೆ 227. ಕಿವುಚಿದ ಬಾಳೆಹಣ್ಣು 225-230. ಇಡೀ ಗೇರುಬೀಜ 130-140. ಜೇನು 340, ನೀರಿಗಿಂತ ಎಷ್ಟು ಭಾರ ನೋಡಿ. ನಮ್ಮ ಜೋನಿ ಬೆಲ್ಲವೂ (ನೀರಾಗಿರುವ ಬೆಲ್ಲ) ಜೇನಿನ ಹತ್ತಿರಹತ್ತಿರ, ಆದ್ರೆ ಒಂದೊಂದು ಆಲೆಮನೆಯ ಜೋನಿ ಒಂದೊಂದು ಹದ, ಕೆಲವು ತೆಳು, ಕೆಲವು ಸಕ್ಕರೆಗಟ್ಟಿದ್ದು, ಹಾಗಾಗಿ 320ರಿಂದ 340 ಅಂತ ಹಿಡಿದು ತೂಕ ಮಾಡೋದೇ ಒಳ್ಳೇದು. ಕಪ್ಪಲ್ಲಿ ಅಳೆದ್ರೆ ಅರ್ಧ ಕಪ್ಪಿಗೇ ಅಂಟಿ ಕೂರ್ತದೆ ಬೇರೆ, ಅಳೆಯೋ ಮುಂಚೆ ಕಪ್ಪಿಗೆ ಒಂಚೂರು ಎಣ್ಣೆ ಸವರಿದ್ರೆ ಜಾರಿ ಬೀಳ್ತದೆ.

ತೆಂಗಿನ ತುರಿಯದ್ದು ಇನ್ನೊಂದು ಕಥೆ. ಹಗುರಕ್ಕೆ ಹಾಕಿದ್ರೆ 80, ಕೈಯಲ್ಲಿ ಒತ್ತಿದ್ರೆ 100 ದಾಟ್ತದೆ, ಬಲಿತ ಕಾಯಿಗೂ ಎಳೆ ಕಾಯಿಗೂ ನೀರಿನಂಶ ಬೇರೆ. ಪ್ಯಾಕೆಟಲ್ಲಿ ಸಿಗುವ ಒಣ ಕೊಬ್ಬರಿ ಪುಡಿ 80-90 ಗ್ರಾಂ ಇರ್ತದೆ, ತೂಕ ಹಸಿ ತುರಿಯಷ್ಟೇ ಕಂಡ್ರೂ ಅದರಲ್ಲಿ ನೀರಿಲ್ಲ, ಅದು ಹಿಟ್ಟಿನ ಹಾಲನ್ನ ಹೀರ್ತದೆ. ಹಸಿ ತುರಿ ಬದಲು ಇದನ್ನ ಹಾಕೋದಾದ್ರೆ ತೂಕ ಸರಿಯಾದ್ರೂ ಹಾಲು ಒಂದೆರಡು ಚಮಚ ಹೆಚ್ಚು ಬೇಕು. ಪುಡಿ ಬೆಲ್ಲ, ತುರಿದ ಬೆಲ್ಲ, ಕುಟ್ಟಿದ ಬೆಲ್ಲ ಇವಕ್ಕೆ ನಾನು ಕಪ್ಪಿನ ಲೆಕ್ಕ ಕೊಡೋದೇ ಇಲ್ಲ, ತೂಕ ಮಾಡಿ.

ಚಮಚದಲ್ಲಿ: 5 ಎಂಎಲ್ ಸಣ್ಣ ಚಮಚ ತಲೆಸಮ ಬೇಕಿಂಗ್ ಪೌಡರ್ ಸುಮಾರು 4 ಗ್ರಾಂ, ಸೋಡಾ 5, ಪುಡಿ ಉಪ್ಪು 6, ಇನ್‌ಸ್ಟಂಟ್ ಯೀಸ್ಟ್ 3. ಹರಳುಪ್ಪು ಹಾಕುವವರು ಚಮಚದ ಲೆಕ್ಕ ನಂಬ್ಬೇಡಿ, ಹರಳಿನ ನಡುವೆ ಸಂದಿ ಇರ್ತದೆ, ಕಡಿಮೆ ಬೀಳ್ತದೆ. ಮನೆಯ ಊಟದ ಚಮಚಗಳು ಒಂದೊಂದು ಒಂದೊಂದು ಸೈಜು, ಮಕ್ಕಳ ಸಿರಪ್ ಜೊತೆ ಬರುವ ಮುಚ್ಚಳದಲ್ಲಿ 2.5, 5, 10 ಎಂಎಲ್ ಗೆರೆ ಇರ್ತದೆ, ಅದರಲ್ಲಿ 5 ಎಂಎಲ್ ನೀರು ತೆಗೆದು ನಿಮ್ಮ ಚಮಚಕ್ಕೆ ಹೊಯ್ದು ನೋಡಿ.

ಇನ್ನು ಲೋಟದ ಪರವಾಗಿ. ನಮ್ಮ ಹಿರಿಯರು ಸೇರು, ಪಾವು, ಸಿದ್ದೆಯಲ್ಲೇ ಎಲ್ಲಾ ಮಾಡಿದವರು, 1956ರಲ್ಲಿ ಕಾಯ್ದೆ ಬಂದು 1962ರಿಂದ ಮೆಟ್ರಿಕ್ ತೂಕ ಕಡ್ಡಾಯ ಆದ ಮೇಲೂ ಅಡುಗೆಮನೆ ಸಿದ್ದೆ ಎಲ್ಲೂ ಹೋಗ್ಲಿಲ್ಲ, ಅಕ್ಕಿ ಡಬ್ಬದೊಳಗೇ ಇದೆ. ದೋಸೆ ಇಡ್ಲಿಗೆ ಅದು ಸರಿಯಾಗಿಯೇ ಬರ್ತದೆ, ಯಾಕಂದ್ರೆ ಅಲ್ಲಿ ಬೇಕಾಗಿರೋದು ಪ್ರಮಾಣ ಮಾತ್ರ, ಮೂರಕ್ಕೆ ಒಂದು, ನಾಲ್ಕಕ್ಕೆ ಒಂದು. ಪಾತ್ರೆ ದೊಡ್ಡದಾದ್ರೆ ಎಲ್ಲವೂ ದೊಡ್ಡದಾಗ್ತದೆ. ಬೇಕಿಂಗಲ್ಲೂ ಇಂಥ ರೆಸಿಪಿ ಇವೆ. ರವೆ ಒಂದು, ಸಕ್ಕರೆ ಮುಕ್ಕಾಲು, ಮೊಸರು ಒಂದು ಅಂತ ಮಾಡುವ ರವೆ ಕೇಕು, ಕೊಂಕಣಿಯವರ ಸೌತೆಕಾಯಿ ತವಸಳಿ, ಇವಕ್ಕೆ ಯಾವ ಲೋಟ ಹಿಡಿದ್ರೂ ಬರ್ತದೆ, ಕೊನೆವರೆಗೆ ಅದೇ ಲೋಟ ಆಗಿರ್ಬೇಕು ಅಷ್ಟೇ. ಇಂಥದ್ದಕ್ಕೆಲ್ಲ ತಕ್ಕಡಿ ಹೊರಗೆ ತೆಗೆಯೋ ಅಗತ್ಯ ನನಗೆ ಕಾಣೋದಿಲ್ಲ.

ಲೋಟ ಸೋಲೋದು ಮೊಟ್ಟೆ ಬಂದಾಗ. ಮೊಟ್ಟೆ ನಿಮ್ಮ ಲೋಟದ ಸೈಜು ನೋಡಿ ಸಣ್ಣ ದೊಡ್ಡ ಆಗೋದಿಲ್ಲ. ಒಂದು ಸಣ್ಣ ಚಮಚ ಸೋಡಾನೂ ಹಾಗೇ. ಎರಡು ಕಪ್ ಮೈದಾಕ್ಕೆ ಮೂರು ಮೊಟ್ಟೆ, ಒಂದು ಚಮಚ ಬೇಕಿಂಗ್ ಪೌಡರ್ ಅಂತ ಬರೆದಿದ್ರೆ ಆ ಕಪ್ ನಿಜವಾಗಿ 240 ಆಗಿರ್ಲೇಬೇಕು, 200ರ ಲೋಟದಲ್ಲಿ ಅಳೆದು ಮೂರು ಮೊಟ್ಟೆ ಒಡೆದ್ರೆ ಹಿಟ್ಟು ನೀರಾಗ್ತದೆ. ಕಾರವಾರ ಕಡೆ ಕ್ರಿಸ್‌ಮಸ್ಸಿಗೆ ರವೆ, ತೆಂಗಿನಕಾಯಿ ಹಾಕಿ ಬಾತ್ ಅನ್ನುವ ಕೇಕ್ ಮಾಡ್ತಾರಲ್ಲ, ಅದರಲ್ಲಿ ರವೆ, ಸಕ್ಕರೆ, ಕಾಯಿ ಲೋಟದ ಲೆಕ್ಕದಲ್ಲಿ ಹೋದ್ರೂ ಮೊಟ್ಟೆ ಬೆಣ್ಣೆಯಲ್ಲಿ ಲೆಕ್ಕ ತಪ್ಪೋದು ಇದಕ್ಕೇ. ಮೊಟ್ಟೆ ಬಗ್ಗೆ ಇನ್ನೊಂದು ಮಾತು, ಅಮೆರಿಕದ ರೆಸಿಪಿಯ ದೊಡ್ಡ ಮೊಟ್ಟೆ ಅಂದ್ರೆ ಓಡು ಬಿಟ್ಟು 50 ಗ್ರಾಂ, ನಮ್ಮ ಅಂಗಡಿ ಮೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ನಾಲ್ಕು ಮೊಟ್ಟೆ ಅಂತಿದ್ರೆ ಒಡೆದು ತೂಕ ನೋಡಿ, 200 ಗ್ರಾಂ ಆಗದಿದ್ರೆ ಇನ್ನೊಂದು ಒಡೆದು ಕಲಕಿ ಬೇಕಾದಷ್ಟು ಸೇರಿಸಿ.

ಬೆಣ್ಣೆ ವಿಷಯ. ಅಮೆರಿಕದವರು ಒಂದು ಸ್ಟಿಕ್ ಬೆಣ್ಣೆ ಅಂತ ಬರೀತಾರೆ, ಅದು ಅರ್ಧ ಕಪ್, 113 ಗ್ರಾಂ. ನಮ್ಮ ಅಮುಲ್ ಸಣ್ಣ ಪ್ಯಾಕೆಟ್ 100 ಗ್ರಾಂ, ಅಂದ್ರೆ ಒಂದು ಸ್ಟಿಕ್ಕಿಗೆ ಒಂದು ಪ್ಯಾಕೆಟ್ ಹಾಕಿದ್ರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಕಡಿಮೆ. ಮತ್ತೆ ಅದು ಉಪ್ಪಿನ ಬೆಣ್ಣೆ, ರೆಸಿಪಿಯ ಉಪ್ಪು ಬಿಟ್ಟುಬಿಡಿ. ಮನೆ ಬೆಣ್ಣೆ ಹಾಕುವವರಿಗೆ ಅದರಲ್ಲಿ ನೀರು, ಮಜ್ಜಿಗೆ ಎಷ್ಟಿದೆ ಅಂತ ಹೇಳೋಕಾಗೋದಿಲ್ಲ, ಚೆನ್ನಾಗಿ ತೊಳೆದು ಹಿಂಡಿ ತೂಕ ಮಾಡಿ. ತಕ್ಕಡಿ ಇಲ್ಲದಿದ್ರೆ ಒಂದು ಒಳ್ಳೆ ಉಪಾಯ ಇದೆ: ಕಪ್ಪಿಗೆ ಅರ್ಧದವರೆಗೆ ತಣ್ಣೀರು ಹಾಕಿ, ಬೆಣ್ಣೆ ತುಂಡು ಹಾಕ್ತಾ ನೀರೊಳಗೆ ಮುಳುಗುವಂತೆ ಒತ್ತಿ, ನೀರು ಕಂಠಕ್ಕೆ ಬಂದ ಕೂಡ್ಲೇ ನಿಲ್ಸಿ. ನೀರು ಚೆಲ್ಲಿ. ಉಳಿದದ್ದು ಸರಿಯಾಗಿ ಅರ್ಧ ಕಪ್ ಬೆಣ್ಣೆ.

ಔನ್ಸಲ್ಲಿ ಬರೆದ ರೆಸಿಪಿ ಸಿಕ್ಕಿದ್ರೆ ಸ್ವಲ್ಪ ನಿಂತು ನೋಡಿ, ಯಾಕಂದ್ರೆ ಔನ್ಸ್ ಎರಡಿದೆ. ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ 29.6 ಎಂಎಲ್. ಒಂದು ಕಪ್ ಅಂದ್ರೆ 8 ದ್ರವ ಔನ್ಸ್ ಅಂತ ಓದಿದವರು 8 ಔನ್ಸ್ ಮೈದಾ ಅಂದ್ರೆ ಒಂದು ಕಪ್ ಅಂದ್ಕೊಳ್ತಾರೆ. ಅಲ್ಲ, ಅದು 227 ಗ್ರಾಂ, ಸುಮಾರು ಎರಡು ಕಪ್. ಹಿಟ್ಟು ಬೆಣ್ಣೆಯಂಥ ಸಾಮಾನಿಗೆ ಔನ್ಸ್ ಅಂತಿದ್ರೆ ತೂಕ ಅಂತಲೇ ತಿಳ್ಕೊಳ್ಳಿ.

ತಕ್ಕಡಿ ತಗೊಳ್ಳೋಕೆ ಈಗಲೇ ಆಗೋದಿಲ್ಲ ಅನ್ನುವವರಿಗೆ ಅಂಗಡಿಯವರ ತಕ್ಕಡಿಯೇ ಸಾಕು. ಅರ್ಧ ಕೆಜಿ ಮೈದಾ ಪ್ಯಾಕೆಟ್ ತನ್ನಿ, ಪೂರ್ತಿ ಪಾತ್ರೆಗೆ ಸುರಿದು ಕೆದಕಿ, ನಿಮ್ಮ ಲೋಟದಲ್ಲಿ ನೀವು ಯಾವಾಗ್ಲೂ ತುಂಬುವ ಹಾಗೆಯೇ ತುಂಬಿ ಎಣಿಸಿ. ನಾಲ್ಕು ಲೋಟ ಆದ್ರೆ ನಿಮ್ಮ ಲೋಟ, ನಿಮ್ಮ ಕೈಯಲ್ಲಿ, 125 ಗ್ರಾಂ. ಐದಾದ್ರೆ 100. ರವೆಗೂ ಸಕ್ಕರೆಗೂ ಹೀಗೇ ಮಾಡಿ ಒಂದು ಚೀಟಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ನೆಟ್ಟಲ್ಲಿ ಸಿಗುವ ಯಾವ ಚಾರ್ಟಿಗಿಂತಲೂ ನಾನು ಇದನ್ನ ಹೆಚ್ಚು ನಂಬ್ತೆ, ಯಾಕಂದ್ರೆ ಚಾರ್ಟಲ್ಲಿ ಇರೋದು ಬೇರೆಯವರ ಕಪ್, ಬೇರೆಯವರ ಕೈ. ಒಂದು ಚಾರ್ಟಲ್ಲಿ ಮೈದಾ 120, ಇನ್ನೊಂದರಲ್ಲಿ 125, ಮತ್ತೊಂದರಲ್ಲಿ 140 ಅಂತ ಇರೋದು ಯಾರೋ ತಪ್ಪು ಬರೆದದ್ದಲ್ಲ, ಒಬ್ಬೊಬ್ರು ಒಂದೊಂದು ರೀತಿ ತುಂಬಿ ಅಳೆದದ್ದು. ಯಾರ ರೆಸಿಪಿ ಮಾಡ್ತೀರೋ ಅವರದ್ದೇ ಚಾರ್ಟ್ ಇದ್ರೆ ಅದನ್ನೇ ನೋಡಿ. ಮೊಬೈಲಲ್ಲಿ ಬರೀ "1 ಕಪ್ ಎಷ್ಟು ಗ್ರಾಂ" ಅಂತ ಸಾಮಾನಿನ ಹೆಸರು ಹಾಕದೆ ಹುಡುಕಿದ್ರೆ ಬರುವ ಉತ್ತರ ಬಹುತೇಕ ನೀರಿನ ಲೆಕ್ಕ, ಮೈದಾಕ್ಕೆ 240 ಗ್ರಾಂ ಹಾಕಿ ಕೂತ್ರೆ ಕೇಕ್ ಮುಗೀತು.

ತಕ್ಕಡಿ ತಗೊಳ್ಳುವವರು 5 ಕೆಜಿ ತನಕ ತೂಗುವ, 1 ಗ್ರಾಂ ತೋರ್ಸುವ ಮಾಮೂಲಿ ಡಿಜಿಟಲ್ ತಗೊಂಡ್ರೆ ಸಾಕು. ಟೇರ್ ಬಟನ್ ಇರ್ಬೇಕು, ಪಾತ್ರೆ ಇಟ್ಟು ಅದನ್ನ ಒತ್ತಿದ್ರೆ ಸೊನ್ನೆ ಬರ್ತದೆ, ಮೈದಾ ಹಾಕಿ ಮತ್ತೆ ಒತ್ತಿ, ಸಕ್ಕರೆ ಹಾಕಿ ಮತ್ತೆ ಒತ್ತಿ, ಒಂದೇ ಪಾತ್ರೆಯಲ್ಲಿ ಎಲ್ಲಾ ಆಯ್ತು, ತೊಳೆಯೋ ಕಪ್ಪುಗಳ ರಾಶಿ ಇಲ್ಲ. ಇದೊಂದೇ ಕಾರಣಕ್ಕೂ ನಾನು ತಕ್ಕಡಿ ಅಂತೆ. ಆದ್ರೆ 3 ಗ್ರಾಂ ಯೀಸ್ಟು, 4 ಗ್ರಾಂ ಬೇಕಿಂಗ್ ಪೌಡರ್ ಇದರಲ್ಲಿ ತೂಗೋಕೆ ಹೋಗ್ಬೇಡಿ, ಒಂದು ಗ್ರಾಂ ಆಚೀಚೆ ಆದ್ರೂ ಅಷ್ಟು ಸಣ್ಣ ತೂಕದಲ್ಲಿ ಕಾಲು ಪಾಲು ತಪ್ಪಿದ ಹಾಗೆ, ಅದಕ್ಕೇ ಚಮಚ ಅಂದದ್ದು. ಕೆಲವು ತಕ್ಕಡಿಯಲ್ಲಿ ಎಂಎಲ್ ಅಂತಲೂ ಒಂದು ಆಯ್ಕೆ ಇರ್ತದೆ, ಬರೀ ಎಂಎಲ್ ಅಂತಿದ್ರೆ ಅದು ನೀರಿನ ಲೆಕ್ಕ, ಎಣ್ಣೆಯನ್ನ ಅದರಲ್ಲಿ ಅಳೆದ್ರೆ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಬೀಳ್ತದೆ. ತಕ್ಕಡಿ ಸರಿ ಇದೆಯಾ ಅಂತ ಅನುಮಾನ ಬಂದ್ರೆ ಹತ್ತು ರೂಪಾಯಿ ನಾಣ್ಯಗಳನ್ನ ಇಟ್ಟು ನೋಡಿ, ಒಂದು ಸುಮಾರು 7.7 ಗ್ರಾಂ, ಹತ್ತು ನಾಣ್ಯಕ್ಕೆ 77ರ ಆಸುಪಾಸು ಬರ್ಬೇಕು.

ಪಾವ್, ಬ್ರೆಡ್ ಮಾಡುವವರಿಗಂತೂ ತೂಕ ಬಿಟ್ಟು ಬೇರೆ ದಾರಿ ಇಲ್ಲ ಅಂತ ನನ್ನ ಅನಿಸಿಕೆ. ಹಿಟ್ಟು ನೂರು ಅಂತ ಹಿಡಿದು ನೀರು 60-65, ಉಪ್ಪು 2, ಇನ್‌ಸ್ಟಂಟ್ ಯೀಸ್ಟ್ 1 ಅಂತ ಲೆಕ್ಕ ಇಟ್ಕೊಂಡ್ರೆ ಅರ್ಧ ಕೆಜಿಗೂ ಬರ್ತದೆ, ಎರಡು ಕೆಜಿಗೂ ಬರ್ತದೆ. ಕಪ್ಪಲ್ಲಿ ಹಿಟ್ಟು ಇಪ್ಪತ್ತು ಗ್ರಾಂ ಆಚೀಚೆ ಆದ್ರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಕೊನೇದಾಗಿ ನಮ್ಮ ಮಳೆ. ಜೂನ್‌ನಿಂದ ಸಪ್ಟೆಂಬರ್ ತನಕ ಕರಾವಳಿಯಲ್ಲೂ ಘಟ್ಟದಲ್ಲೂ ಹಿಟ್ಟು ಗಾಳಿಯ ತೇವ ಎಳ್ಕೊಳ್ತದೆ, ಗಂಟು ಕಟ್ತದೆ, ಕಪ್ಪಿಗೆ ತುಂಬಿದ್ರೆ ಸರಿಯಾಗಿ ಕೂರೋದೂ ಇಲ್ಲ. ತೂಕ ಮಾಡಿದ್ರೂ ಆ ತೂಕದಲ್ಲಿ ಸ್ವಲ್ಪ ನೀರು ಸೇರಿರ್ತದೆ, ಹಾಗಾಗಿ ಮಳೆಗಾಲದಲ್ಲಿ ರೆಸಿಪಿಯ ಹಾಲು ನೀರಲ್ಲಿ ಒಂದೆರಡು ದೊಡ್ಡ ಚಮಚ ಹಿಂದಿಟ್ಟು, ಹಿಟ್ಟಿನ ಹದ ನೋಡಿ ಆಮೇಲೆ ಹಾಕಿ. ಸೋಡಾ, ಬೇಕಿಂಗ್ ಪೌಡರ್ ಗಂಟಾಗಿದ್ರೆ ಪುಡಿ ಮಾಡಿ ಜರಡಿ ಹಿಡಿದೇ ಚಮಚಕ್ಕೆ ತುಂಬಿ. ಬೇಕಿಂಗ್ ಪೌಡರನ್ನ ಬಿಸಿನೀರಿಗೆ ಚಿಟಿಕೆ ಹಾಕಿದ್ರೆ ಬುಸಬುಸ ನೊರೆ ಬರ್ಬೇಕು, ಬರದಿದ್ರೆ ಎಷ್ಟು ಸರಿಯಾಗಿ ಅಳೆದ್ರೂ ಪ್ರಯೋಜನ ಇಲ್ಲ. ತಕ್ಕಡಿನ ತುಂಬ ದಿನ ಬಳಸೋದಿಲ್ಲ ಅಂತಾದ್ರೆ ಸೆಲ್ ತೆಗೆದಿಡಿ, ಈ ಥಂಡಿಗೆ ಸೆಲ್ ಸೋರಿ ಒಳಗಿನ ಪಟ್ಟಿಗೆ ಕಿಲುಬು ಹಿಡೀತದೆ.